ಬಚ್ಚಿಟ್ಟ ಪಾಕ, ಬಿಚ್ಚಿಟ್ಟ ಪಾಕ

1916ರಲ್ಲಿ ಅಮೆರಿಕದ ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್ಬಿನ ಪಾನೀಯಗಳ ಪಟ್ಟಿಯಲ್ಲಿ ‘ಲಾಸ್ಟ್ ವರ್ಡ್’ ಎಂಬ ಕಾಕ್‌ಟೇಲ್ ಇತ್ತು. ಬೆಲೆ 35 ಸೆಂಟ್, ಆ ಪಟ್ಟಿಯ ಕಾಕ್‌ಟೇಲ್‌ಗಳಲ್ಲಿ ಅದೇ ದುಬಾರಿ. ಎರಡು ವರ್ಷಗಳ ಹಿಂದೆಯಷ್ಟೇ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿ ದೇಶವನ್ನೇ ಬೆರಗುಗೊಳಿಸಿದ್ದ. ಆ ಲೆಕ್ಕದಲ್ಲಿ ಒಂದು ಲಾಸ್ಟ್ ವರ್ಡ್ ಕುಡಿಯಬೇಕೆಂದರೆ ಫೋರ್ಡ್ ಕಾರ್ಮಿಕನೊಬ್ಬ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆವರು ಸುರಿಸಬೇಕು. ಆದರೆ ಆ ಕ್ಲಬ್ಬಿನ ಬಾಗಿಲು ಕಾರ್ಮಿಕರಿಗೆ ತೆರೆದಿರಲೂ ಇಲ್ಲ. ಮೋಟಾರು ಉದ್ಯಮದಿಂದ ದಿಢೀರನೆ ಸಿರಿವಂತರಾದವರು ವುಡ್‌ವರ್ಡ್ ಅವೆನ್ಯೂದ ಸಲೂನುಗಳಲ್ಲಿ ಕುಳಿತು ವ್ಯವಹಾರ ಕುದುರಿಸುವುದನ್ನು ಕಂಡು ಬೇಸತ್ತ ಪ್ಯಾಕರ್ಡ್ ಕಂಪನಿಯ ಹೆನ್ರಿ ಜಾಯ್ ಮತ್ತು ಗೆಳೆಯರು, 1887ರಲ್ಲಿ ಹುಟ್ಟಿ ಸೊರಗಿಹೋಗಿದ್ದ ಈ ಕ್ಲಬ್ಬಿಗೆ 1913ರಲ್ಲಿ ಮತ್ತೆ ಜೀವ ತುಂಬಿದ್ದರು. ಫೋರ್ಡ್ ಕಾರ್ಖಾನೆಗಳನ್ನು ಕಟ್ಟಿದ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಇಟಲಿಯ ಅರಮನೆಗಳ ಮಾದರಿಯಲ್ಲಿ ಹೊಸ ಕಟ್ಟಡ ಎಬ್ಬಿಸಿಕೊಟ್ಟ. ಅದರ ಬಾಗಿಲು ತೆರೆದದ್ದು 1915ರಲ್ಲಿ.

ಲಾಸ್ಟ್ ವರ್ಡ್ ಮಾಡುವ ಬಗೆ ಮಗುವಿಗೂ ಬಾಯಿಪಾಠವಾಗುವಷ್ಟು ಸುಲಭ. ಜಿನ್, ಹಸಿರು ಶಾರ್ತ್ರೂಸ್, ಮರಾಸ್ಕಿನೋ ಎಂಬ ಚೆರಿಯ ಲಿಕ್ಯೂರ್, ನಿಂಬೆರಸ. ನಾಲ್ಕೂ ಸಮಸಮ. ಮಂಜುಗಡ್ಡೆಯ ಜೊತೆ ಕುಲುಕಿ ಸೋಸಿ ಕೊಡುವುದು. ಬಚ್ಚಿಡುವಂಥದ್ದು ಏನೂ ಇಲ್ಲದ ಪಾಕ. ಆದರೆ ಆ ನಾಲ್ಕರಲ್ಲಿ ಒಂದು, ಹಸಿರು ಶಾರ್ತ್ರೂಸ್, ಜಗತ್ತಿನಲ್ಲಿ ಅತ್ಯಂತ ಜತನದಿಂದ ಕಾಯ್ದ ಗುಟ್ಟುಗಳಲ್ಲಿ ಸೇರಿದ್ದು. ನೂರಮೂವತ್ತು ಗಿಡಮೂಲಿಕೆ, ಹೂವು, ಬೇರು, ತೊಗಟೆಗಳಿಂದ ಫ್ರಾನ್ಸಿನ ಸನ್ಯಾಸಿಗಳು ಇಳಿಸುವ ಈ ಮದ್ಯದ ಪೂರ್ಣ ವಿವರ ಒಂದು ಕಾಲಕ್ಕೆ ಬಲ್ಲವರು ಇಬ್ಬರೋ ಮೂವರೋ. ಇಷ್ಟಾಗಿ, ಬಿಚ್ಚಿಟ್ಟ ಪಾಕವೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನರ ನೆನಪಿನಿಂದ ಅಳಿಸಿಹೋಯಿತು. ಬಚ್ಚಿಟ್ಟದ್ದು ಕ್ರಾಂತಿ, ಜೈಲು, ಜಪ್ತಿ, ಗಡೀಪಾರು, ಭೂಕುಸಿತಗಳನ್ನು ದಾಟಿ ಉಳಿಯಿತು. ನನ್ನನ್ನು ಈ ಚರಿತ್ರೆಯತ್ತ ಮತ್ತೆ ಮತ್ತೆ ಎಳೆಯುವುದು ಈ ವಿಚಿತ್ರವೇ.

ಇನ್ನೊಂದು ಸಂಗತಿಯೂ ಇದೆ. 1916ರಲ್ಲಿ ಡೆಟ್ರಾಯಿಟಿನಲ್ಲಿ ಸಾಚಾ ಶಾರ್ತ್ರೂಸ್ ಎಂದು ಸಿಗುತ್ತಿದ್ದ ಬಾಟಲಿ ಫ್ರಾನ್ಸಿನಿಂದ ಬಂದದ್ದಾಗಿರಲಿಲ್ಲ. ಅದು ಬರುತ್ತಿದ್ದುದು ಸ್ಪೇನಿನಿಂದ. ಫ್ರಾನ್ಸಿನ ಬೆಟ್ಟದ ಮಠವೊಂದರ ಹೆಸರು ಹೊತ್ತ ಮದ್ಯ ಸ್ಪೇನಿನ ಬಂದರಿನಲ್ಲಿ ಹಡಗು ಹತ್ತಿದ್ದು ಹೇಗೆ ಎಂದು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕು.

ಗ್ರೆನೋಬ್ಲ್ ನಗರದ ಉತ್ತರಕ್ಕೆ ಆಲ್ಪ್ಸ್‌ನ ಅಂಚಿನಲ್ಲಿ ಶಾರ್ತ್ರೂಸ್ ಎಂಬ ಕಡಿದಾದ ಸುಣ್ಣಕಲ್ಲಿನ ಬೆಟ್ಟಸಾಲು ಇದೆ. 1084ರಲ್ಲಿ ಕಲೋನ್ ಮೂಲದ ಬ್ರೂನೋ ಎಂಬ ಗುರು ಆರು ಮಂದಿ ಸಂಗಾತಿಗಳೊಡನೆ ಏಕಾಂತ ಹುಡುಕಿಕೊಂಡು ಅಲ್ಲಿಗೆ ಬಂದ. ಗ್ರೆನೋಬ್ಲಿನ ಬಿಷಪ್ ಹ್ಯೂಗೋ ಅವರಿಗೆ ಜಾಗ ತೋರಿಸಿದ. ಅದಕ್ಕೂ ಮುಂಚೆ ಅವನ ಕನಸಿನಲ್ಲಿ ಏಳು ನಕ್ಷತ್ರಗಳು ಕಾಣಿಸಿಕೊಂಡಿದ್ದವು ಎಂಬುದು ಪಂಥದಲ್ಲಿ ಉಳಿದು ಬಂದ ಕಥೆ. ಹೀಗೆ ಹುಟ್ಟಿದ ಕಾರ್ತೂಸಿಯನ್ ಪಂಥದ ಲಾಂಛನದಲ್ಲಿ, ಬಾಟಲಿಯ ಗಾಜಿನ ಮೇಲೂ, ಶಿಲುಬೆ ಹೊತ್ತ ಭೂಗೋಳದ ಸುತ್ತ ಆ ಏಳು ನಕ್ಷತ್ರಗಳಿವೆ. ಇವರು ಒಟ್ಟಿಗಿದ್ದೂ ಒಂಟಿಯಾಗಿ ಬದುಕುವವರು. ಒಬ್ಬೊಬ್ಬ ಸನ್ಯಾಸಿಗೂ ಒಂದು ಪುಟ್ಟ ಮನೆ, ಅದಕ್ಕೊಂದು ತೋಟ. ಊಟ ಗೋಡೆಯ ಕಿಂಡಿಯಿಂದ ಒಳಗೆ ಬರುತ್ತದೆ. ಮಾಂಸ ತಿನ್ನುವುದಿಲ್ಲ. ನಡುರಾತ್ರಿ ಎದ್ದು ಚರ್ಚಿನಲ್ಲಿ ಸೇರಿ ಗಂಟೆಗಟ್ಟಲೆ ಪ್ರಾರ್ಥಿಸುತ್ತಾರೆ. ವಾರಕ್ಕೊಮ್ಮೆ ಬೆಟ್ಟದಲ್ಲಿ ಜೊತೆಯಾಗಿ ನಡೆಯುವಾಗ ಮನಬಿಚ್ಚಿ ಮಾತಾಡುತ್ತಾರೆ. ಮದ್ಯ ಇಳಿಸುವುದು ಇವರ ಧ್ಯೇಯ ಎಂದೂ ಆಗಿರಲಿಲ್ಲ. ಅದು ಹೊಟ್ಟೆಪಾಡಿಗೆ ಹಿಡಿದ ಕಸುಬು.

ಕಸುಬಿನ ಮೂಲ ಒಂದು ಹಸ್ತಪ್ರತಿ. 1605ರಲ್ಲಿ ಫ್ರಾಂಸ್ವಾ ಅನ್ನಿಬಾಲ್ ದೆಸ್ತ್ರೆ ಎಂಬ ಸೇನಾನಿ ಪ್ಯಾರಿಸಿನ ಹೊರವಲಯದ ವೋವೆರ್‌ನಲ್ಲಿದ್ದ ಕಾರ್ತೂಸಿಯನ್ ಮಠಕ್ಕೆ ಅದನ್ನು ಕೊಟ್ಟ. ಈತ ಅರಸ ನಾಲ್ಕನೆಯ ಹೆನ್ರಿಯ ಪ್ರೇಯಸಿ ಗಾಬ್ರಿಯೆಲ್‌ಳ ಒಡಹುಟ್ಟಿದವ. ದೀರ್ಘಾಯುಷ್ಯದ ಸಂಜೀವಿನಿಯನ್ನು ಮಾಡುವ ಬಗೆ ಅದರಲ್ಲಿತ್ತು. ಬರೆದವರು ಯಾರೆಂಬ ಸುಳಿವಿರಲಿಲ್ಲ, ಬರೆದದ್ದು ಸುಲಭಕ್ಕೆ ಬಿಡಿಸಿಕೊಳ್ಳುತ್ತಲೂ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಪ್ಯಾರಿಸಿನ ಸನ್ಯಾಸಿಗಳು ಅದರ ಚೂರುಪಾರನ್ನಷ್ಟೇ ಬಳಸಿದರು. 1737ರಲ್ಲಿ ಅದು ಬೆಟ್ಟದ ಮೇಲಿನ ಮೂಲಮಠ ಗ್ರಾಂದ್ ಶಾರ್ತ್ರೂಸ್‌ಗೆ ಬಂದು, ಮಠದ ಔಷಧಶಾಲೆ ನೋಡಿಕೊಳ್ಳುತ್ತಿದ್ದ ಬ್ರದರ್ ಜೆರೋಮ್ ಮೋಬೆಕ್‌ನ ಕೈಸೇರಿತು. ಆತ ಬದುಕಿನ ಉಳಿದ ದಿನಗಳನ್ನು ಅದಕ್ಕೇ ತೇಯ್ದ. ಅವನು ಬಿಟ್ಟುಹೋದ ಕೆಲಸವನ್ನು ಬ್ರದರ್ ಆಂತ್ವಾನ್ ಮುಗಿಸಿದ. ‘ಎಲಿಕ್ಸಿರ್ ವೆಜೆಟಾಲ್’ ಎಂಬ ಔಷಧ 1764ರಲ್ಲಿ ಹದಕ್ಕೆ ಬಂತು. ನಮ್ಮ ಮನೆಗಳಲ್ಲಿ ಬಾಣಂತಿಗೆ ಕೊಡುವ ದಶಮೂಲಾರಿಷ್ಟವನ್ನು ಬಲ್ಲವರಿಗೆ ಇದರ ತರ್ಕ ಹೊಸದೆನಿಸದು: ನಾರುಬೇರಿನ ಸಾರವನ್ನು ಹೀರಿ ಕೆಡದಂತೆ ಹಿಡಿದಿಡಲು ಮದ್ಯಾಂಶಕ್ಕಿಂತ ಒಳ್ಳೆಯ ವಾಹಕವಿಲ್ಲ ಎಂಬುದನ್ನು ನಮ್ಮ ವೈದ್ಯರೂ ಕಂಡುಕೊಂಡಿದ್ದರು. ವ್ಯತ್ಯಾಸ ಇರುವುದು ತೀಕ್ಷ್ಣತೆಯಲ್ಲಿ. ಅರಿಷ್ಟದಲ್ಲಿ ಹುದುಗಿನಿಂದ ಹುಟ್ಟುವಷ್ಟೇ ಮದ್ಯಾಂಶ. ಭಟ್ಟಿಯಿಳಿಸಿದ ಈ ಎಲಿಕ್ಸಿರ್‌ನಲ್ಲಿ ಇಂದಿಗೂ ಅದು ಶೇಕಡ 69. ಅದನ್ನು ಸಕ್ಕರೆಯ ತುಂಡಿನ ಮೇಲೆ ಹನಿ ಲೆಕ್ಕದಲ್ಲಿ ಹಾಕಿಕೊಂಡು ಚೀಪುತ್ತಿದ್ದರು. ಬ್ರದರ್ ಚಾರ್ಲ್ಸ್ ಎಂಬ ಸನ್ಯಾಸಿ ಹೇಸರಗತ್ತೆಯ ಮೇಲೆ ಸೀಸೆಗಳನ್ನು ಹೇರಿಕೊಂಡು ಗ್ರೆನೋಬ್ಲ್, ಶಾಂಬೆರಿಯ ಸಂತೆಗಳಿಗೆ ಇಳಿದು ಮಾರಿಬರುತ್ತಿದ್ದ. ಕುಡಿಯಲು ಹಿತವಾಗಿ ಶೇಕಡ 55ಕ್ಕೆ ಇಳಿಸಿದ ಹಸಿರು ಶಾರ್ತ್ರೂಸ್ ಹುಟ್ಟಿದ್ದು ಇದರಿಂದಲೇ. ಅದರ ಹಸಿರಿಗೆ ಯಾವ ಕೃತಕ ಬಣ್ಣವೂ ಕಾರಣವಲ್ಲ, ಅದು ಎಲೆಗಳಿಂದ ಬಂದದ್ದು.

ಆಮೇಲೆ 1789 ಬಂತು. ಕ್ರಾಂತಿಯ ಸರಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಸನ್ಯಾಸವ್ರತಗಳನ್ನೇ ರದ್ದು ಮಾಡಿತು. 1793ರ ಹೊತ್ತಿಗೆ ಗ್ರಾಂದ್ ಶಾರ್ತ್ರೂಸ್‌ನ ಸನ್ಯಾಸಿಗಳು ದಿಕ್ಕುಪಾಲಾದರು. ಹೊರಡುವ ಮುನ್ನ ಅವರು ಹಸ್ತಪ್ರತಿಯ ನಕಲೊಂದನ್ನು ಮಾಡಿಟ್ಟರು. ಮಠದಲ್ಲೇ ಇರಲು ಅನುಮತಿ ಪಡೆದ ಒಬ್ಬನ ಬಳಿ ನಕಲು ಉಳಿಯಿತು, ಮೂಲಪ್ರತಿ ಇನ್ನೊಬ್ಬನ ಅಂಗಿಯೊಳಗೆ ಸೇರಿತು. ಹೀಗೆ ಹೊರಟವನು ಸೆರೆಸಿಕ್ಕಿ ಬೋರ್ಡೊದ ಜೈಲು ಸೇರಿದ. ಪುಣ್ಯಕ್ಕೆ ಯಾರೂ ಅವನ ಮೈ ತಡಕಲಿಲ್ಲ. ಜೈಲಿನಿಂದಲೇ ಅವನು ಹಸ್ತಪ್ರತಿಯನ್ನು ಗುಟ್ಟಾಗಿ ಹೊರಗೆ ದಾಟಿಸಿ ದೊಂ ಬಾಸಿಲ್ ನಾಂತಾ ಎಂಬ ಜೊತೆಗಾರನಿಗೆ ಮುಟ್ಟಿಸಿದ. ಪಂಥ ಮತ್ತೆ ತಲೆಯೆತ್ತುವುದೆಂಬ ಆಸೆ ನಾಂತಾನಿಗೆ ಉಳಿದಿರಲಿಲ್ಲ. ತಾನೊಬ್ಬನೇ ಈ ಮದ್ದನ್ನು ಮಾಡಲಾರೆ ಎಂಬುದೂ ಅವನಿಗೆ ಗೊತ್ತಿತ್ತು. ಗ್ರೆನೋಬ್ಲಿನ ಲಿಯೋತಾರ್ ಎಂಬ ಔಷಧ ವ್ಯಾಪಾರಿಗೆ ಹಸ್ತಪ್ರತಿ ಒಪ್ಪಿಸಿದ.

ಲಿಯೋತಾರ್ ಅದರಿಂದ ಏನನ್ನೂ ತಯಾರಿಸಲಿಲ್ಲ. 1810ರಲ್ಲಿ ನೆಪೋಲಿಯನ್ನನ ಆಜ್ಞೆಯೊಂದು ಹೊರಟಿತು. ಗುಪ್ತ ಔಷಧಗಳ ವಿವರ ಯಾರಲ್ಲಿದ್ದರೂ ಒಳಾಡಳಿತ ಸಚಿವಾಲಯಕ್ಕೆ ಒಪ್ಪಿಸಬೇಕು, ಸರಕಾರ ಪರೀಕ್ಷಿಸುತ್ತದೆ. ಕಾನೂನಿಗೆ ತಲೆಬಾಗಿ ಲಿಯೋತಾರ್ ಹಸ್ತಪ್ರತಿಯನ್ನು ಪ್ಯಾರಿಸಿಗೆ ಕಳಿಸಿದ. ಇನ್ನೂರು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಸರಕಾರಿ ಗುಮಾಸ್ತರ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ಯಾರಾದರೂ ಒಬ್ಬ ಕೂತು ಅದನ್ನು ನಕಲು ಮಾಡಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪರಿಶೀಲಿಸಿದ ಅಧಿಕಾರಿಗಳು ‘ತಿರಸ್ಕೃತ’ ಎಂದು ಮೊಹರು ಒತ್ತಿ ಅದನ್ನು ಹಿಂದಕ್ಕೆ ಕಳಿಸಿದರು! ಅಧಿಕಾರಿಗಳ ಉದಾಸೀನದಿಂದ ಕೆಟ್ಟದ್ದೇ ಆಗುತ್ತದೆ ಎಂದು ನಂಬಿದ್ದ ನನಗೆ, ಒಂದು ಪರಂಪರೆಯನ್ನೇ ಉಳಿಸಿದ ಈ ತಿರಸ್ಕಾರ ಚರಿತ್ರೆಯ ದೊಡ್ಡ ಅನುಗ್ರಹಗಳಲ್ಲೊಂದಾಗಿ ಕಾಣುತ್ತದೆ. 1816ರಲ್ಲಿ ಸನ್ಯಾಸಿಗಳಿಗೆ ಮಠಕ್ಕೆ ಮರಳಲು ಅನುಮತಿ ಸಿಕ್ಕಿತು. ಲಿಯೋತಾರ್ ತೀರಿಕೊಂಡ ಮೇಲೆ ಅವನ ವಾರಸುದಾರರು ಹಸ್ತಪ್ರತಿಯನ್ನು ಅವರಿಗೇ ಹಿಂದಿರುಗಿಸಿದರು.

ಮುಂದಿನ ಅರವತ್ತೆಪ್ಪತ್ತು ವರ್ಷ ಏಳಿಗೆಯ ಕಾಲ. 1838ರಲ್ಲಿ ಇನ್ನಷ್ಟು ಸೌಮ್ಯವಾದ ಹಳದಿ ಶಾರ್ತ್ರೂಸ್ ಹುಟ್ಟಿತು. 1848ರಲ್ಲಿ ಮಠಕ್ಕೆ ಬಂದಿದ್ದ ಸೇನಾಧಿಕಾರಿಗಳು ರುಚಿಗೆ ಮರುಳಾಗಿ, ತಾವು ಹೋದ ಹೋದ ಊರುಗಳಲ್ಲೆಲ್ಲ ಇದೇ ಬೇಕೆಂದು ಕೇಳತೊಡಗಿದರು ಎಂದು ಮಠದವರು ಹೇಳುತ್ತಾರೆ. 1860ರ ದಶಕದಲ್ಲಿ, ಬೆಟ್ಟದ ಕಣಿವೆಯ ಫೂರ್ವ್ವಾರಿಯಲ್ಲಿ ಭಟ್ಟಿಶಾಲೆ ಶುರುವಾಯಿತು. ಬಾಟಲಿಗಳು ರಷ್ಯಾದ ಅರಮನೆಗೂ ಅಮೆರಿಕದ ಹೋಟೆಲುಗಳಿಗೂ ಹೋದವು. ಬಂದ ಹಣದಲ್ಲಿ ಸನ್ಯಾಸಿಗಳು ಸುತ್ತಲ ಹಳ್ಳಿಗಳಲ್ಲಿ ಚರ್ಚು, ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸಿದರು. ಹೆಸರು ಬಂದಂತೆ ಖೋಟಾ ಸರಕೂ ಹುಟ್ಟಿಕೊಂಡಿತು.

ಹೊಡೆತ ಬಿದ್ದದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಫ್ರಾನ್ಸಿನ ಮೂರನೆಯ ಗಣರಾಜ್ಯಕ್ಕೂ ಕ್ಯಾಥೊಲಿಕ್ ಚರ್ಚಿಗೂ ನಡೆಯುತ್ತಿದ್ದ ಜಗಳ ಆಗ ತಾರಕಕ್ಕೇರಿತ್ತು. 1901ರ ಸಂಘಸಂಸ್ಥೆಗಳ ಕಾನೂನಿನ ಪ್ರಕಾರ ಧಾರ್ಮಿಕ ಪಂಥಗಳೆಲ್ಲ ಸರಕಾರದ ಅನುಮತಿ ಪಡೆಯಬೇಕಿತ್ತು. 1902ರಲ್ಲಿ ಪ್ರಧಾನಿಯಾದ ಎಮಿಲ್ ಕೋಂಬ್ ಯೌವನದಲ್ಲಿ ಪಾದ್ರಿಯಾಗಲು ಓದಿದ್ದವನು. ಮುಂದೆ ಪುರೋಹಿತಶಾಹಿಯ ಕಟ್ಟಾ ವಿರೋಧಿಯಾಗಿದ್ದ. ಕಾರ್ತೂಸಿಯನ್ನರ ಅರ್ಜಿಯನ್ನು ಸಂಸತ್ತು ತಳ್ಳಿಹಾಕಿತು. ಅರ್ಜಿಯ ಚರ್ಚೆಯಲ್ಲಿ ಅವರನ್ನು ಕಂಡದ್ದು ಲಾಭಕ್ಕಾಗಿ ಮದ್ಯ ಮಾರುವ ವ್ಯಾಪಾರಿಗಳಂತೆ. 1903ರ ಏಪ್ರಿಲ್ 29ರ ಬೆಳಗಿನ ಜಾವ ಪೊಲೀಸರೂ ಸೈನಿಕರೂ ಬೆಟ್ಟ ಹತ್ತಿ ಬಂದರು. ಸುತ್ತಲಿನ ಹಳ್ಳಿಗರು ನೆರೆದಿದ್ದರು. ಬಾಗಿಲು ಮುರಿದು ಒಳನುಗ್ಗಿದವರು ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಬಿಳಿಯುಡುಗೆಯ ಸನ್ಯಾಸಿಗಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದೊಯ್ದರು. ಎಂಟುನೂರು ವರ್ಷಗಳ ಮಠ ಖಾಲಿಯಾಯಿತು.

ಸನ್ಯಾಸಿಗಳ ಸಮುದಾಯ ಇಟಲಿಗೆ ಹೋಗಿ ಲುಕ್ಕಾ ಬಳಿಯ ಫಾರ್ನೆಟಾದಲ್ಲಿ ನೆಲೆಸಿತು. ಮದ್ಯ ಬಲ್ಲವರು ಸ್ಪೇನಿನ ಕಡಲತೀರದ ತಾರಗೋನಾಕ್ಕೆ ಹೋಗಿ ಹೊಸ ಭಟ್ಟಿ ಹೂಡಿದರು. ಸರಕಾರದ ಕೈಗೆ ಮಠ ಬಂತು, ಫೂರ್ವ್ವಾರಿಯ ತಾಮ್ರದ ಹಂಡೆಗಳು ಬಂದವು, ಪೀಪಾಯಿಗಳು ಬಂದವು, ‘ಶಾರ್ತ್ರೂಸ್’ ಎಂಬ ಟ್ರೇಡ್‌ಮಾರ್ಕ್ ಕೂಡ ಬಂತು. ಹಸ್ತಪ್ರತಿ ಮಾತ್ರ ಬರಲಿಲ್ಲ. ಆಸ್ತಿ ವಿಲೇವಾರಿಗೆ ನೇಮಕವಾದ ಲೆಕುತ್ಯೂರಿಯೆ ಎಂಬ ಅಧಿಕಾರಿ ಅದೇ ಹೆಸರು, ಅದೇ ಬಗೆಯ ಚೀಟಿ ಹಚ್ಚಿ ಅಂದಾಜಿನ ಮದ್ಯ ಮಾಡಿಸಿ ಮಾರತೊಡಗಿದ. ಆಮೇಲೆ ಈ ವ್ಯವಹಾರ ಖಾಸಗಿ ಕಂಪನಿಯೊಂದರ ಪಾಲಾಯಿತು. ಅದರ ಹಿಂದೆ ಕ್ಯುಸೆನಿಯೆ ಎಂಬ ಮದ್ಯದ ಸಂಸ್ಥೆಯಿತ್ತು. ತಾರಗೋನಾದಿಂದ ಹೊರಟ ಬಾಟಲಿಯ ಮೇಲೆ ಈಗ ಬೇರೆ ಮಾತು ಬರೆಯಬೇಕಾಯಿತು: ಇದು ತಾರಗೋನಾದಲ್ಲಿ ಕಾರ್ತೂಸಿಯನ್ ಪಾದ್ರಿಗಳು ತಯಾರಿಸಿದ ಲಿಕ್ಯೂರ್. ಫ್ರಾನ್ಸಿನ ರಸಿಕರು ಹೋಟೆಲಿಗೆ ಹೋಗಿ ‘ಒಂದು ತಾರಗೋನ್ ಕೊಡಿ’ ಎಂದು ಕೇಳುವುದನ್ನು ರೂಢಿಸಿಕೊಂಡರು.

ಲೋಕದ ಸದ್ದುಗದ್ದಲ ಬೇಡವೆಂದು ಬೆಟ್ಟ ಸೇರಿದವರು ಈಗ ದೇಶದೇಶಗಳ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಅವರ ವಾದ ಸರಳವಾಗಿತ್ತು. ಫ್ರಾನ್ಸಿನ ಕಾನೂನು ಫ್ರಾನ್ಸಿನೊಳಗಿನ ಆಸ್ತಿಯನ್ನು ಕಸಿದುಕೊಳ್ಳಬಹುದು, ಆದರೆ ಬೇರೆ ದೇಶದಲ್ಲಿ ನಾವು ಗಳಿಸಿದ ಹೆಸರನ್ನು ಕಸಿಯಲು ಅದರ ಕೈ ಚಾಚದು. ಎದುರಾಳಿಗಳು ಹೇಳಿದ್ದೂ ತೆಗೆದುಹಾಕುವಂಥ ಮಾತಲ್ಲ: ಶಾರ್ತ್ರೂಸ್ ಎಂಬುದು ಒಂದು ಬೆಟ್ಟದ ಹೆಸರು, ಈಗ ಆ ಬೆಟ್ಟದ ತಪ್ಪಲಲ್ಲಿ ಮದ್ಯ ಮಾಡುತ್ತಿರುವವರು ನಾವು. 1910ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸನ್ಯಾಸಿಗಳ ಪರವಾಗಿ ತೀರ್ಪು ಕೊಟ್ಟಿತು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಾಗ್ಲಿನ್ ವಿರುದ್ಧ ಕ್ಯುಸೆನಿಯೆ ಕಂಪನಿ ಎಂದು ದಾಖಲಾದ ಮೊಕದ್ದಮೆಯಲ್ಲಿ ಅದನ್ನೇ ಹೇಳಿತು. ತೀರ್ಪು ಬರೆದ ನ್ಯಾಯಮೂರ್ತಿ ಚಾರ್ಲ್ಸ್ ಎವಾನ್ಸ್ ಹ್ಯೂಸ್ ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದವರು. ಜನ ಆ ಹೆಸರು ಕೇಳಿ ಕೊಳ್ಳುವುದು ಸನ್ಯಾಸಿಗಳ ಕೈಕೆಲಸವನ್ನು, ಬೆಟ್ಟದ ಭೂಗೋಳವನ್ನಲ್ಲ ಎಂಬುದು ಆ ತೀರ್ಪಿನ ತಿರುಳು. ಬೇರೆಯವರ ಸರಕನ್ನು ಅವರದೆಂಬಂತೆ ಮಾರುವ ದಾರಿ ಅಮೆರಿಕದಲ್ಲಿ ಮುಚ್ಚಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಮೊದಲ ದರ್ಜೆಯ ಕೊನೆಯ ಊಟದ ಪಟ್ಟಿಯಲ್ಲಿ ಶಾರ್ತ್ರೂಸ್ ಜೆಲ್ಲಿಯಲ್ಲಿಟ್ಟ ಪೀಚ್ ಹಣ್ಣು ಇತ್ತು. ನೆಲೆ ಕಳೆದುಕೊಂಡ ಆ ವರ್ಷಗಳಲ್ಲೂ ಸನ್ಯಾಸಿಗಳ ಮದ್ಯದ ಹೆಸರಿಗೆ ಎಂಥ ಬೆಲೆ ಇತ್ತೆಂಬುದಕ್ಕೆ ಇದು ಸಾಕ್ಷಿ.

ಡೆಟ್ರಾಯಿಟಿನ ಬಾರಿನಲ್ಲಿ 1916ರಲ್ಲಿ ಶಾರ್ತ್ರೂಸ್ ಸುರಿದವನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. ಯುರೋಪು ಮಹಾಯುದ್ಧದಲ್ಲಿ ಉರಿಯುತ್ತಿತ್ತು, ಅಟ್ಲಾಂಟಿಕ್‌ನಲ್ಲಿ ಜಲಾಂತರ್ಗಾಮಿಗಳು ಹೊಂಚು ಹಾಕಿದ್ದವು. ಯುದ್ಧದಿಂದ ಹೊರಗಿದ್ದ ಸ್ಪೇನಿನಿಂದ ಹೊರಟ ಗಡೀಪಾರಾದವರ ಮದ್ಯ ಮೋಟಾರು ಧಣಿಗಳ ಗ್ಲಾಸು ಸೇರುತ್ತಿತ್ತು. 35 ಸೆಂಟ್ ಬೆಲೆಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ ಎನಿಸುತ್ತದೆ. ಕ್ಲಬ್ಬಿನ ಸುತ್ತ ಇನ್ನೊಂದು ಹೆಸರೂ ಕೇಳಿಬರುತ್ತದೆ. ಫ್ರಾಂಕ್ ಫೋಗರ್ಟಿ, ವಾಡ್‌ವಿಲ್ ರಂಗಭೂಮಿಯ ಹೆಸರಾಂತ ಮಾತುಗಾರ, ‘ಡಬ್ಲಿನ್ ಮಿನ್‌ಸ್ಟ್ರೆಲ್’ ಎಂಬ ಬಿರುದಿನವನು. ವೇದಿಕೆಯ ಮೇಲೆ ಒಬ್ಬನೇ ನಿಂತು ಕಥೆ ಹೇಳಿ ಸಭೆಯನ್ನು ನಗಿಸುತ್ತಿದ್ದ. ಈ ಪಾನೀಯವನ್ನು ಬಳಕೆಗೆ ತಂದವನು ಅವನೇ ಎಂಬ ಮಾತು ಬಹಳ ಕಾಲದ ಮೇಲೆ ಅಚ್ಚಾಯಿತು. ಅವನು ಡೆಟ್ರಾಯಿಟಿನಲ್ಲಿ ಪಾಕ ಹೇಳಿಕೊಟ್ಟನೋ, ಡೆಟ್ರಾಯಿಟಿನಲ್ಲಿ ಕಲಿತು ಊರೂರಿಗೆ ಒಯ್ದನೋ, ಎರಡಕ್ಕೂ ಸಾಧ್ಯತೆ ಇದೆ. ನನಗೆ ಎರಡನೆಯದು ಹೆಚ್ಚು ಸಹಜವೆನಿಸುತ್ತದೆ. ಹೊಸ ರುಚಿಯನ್ನು ಕಂಡುಹಿಡಿಯುವವನು ಬಾರಿನ ಹಿಂದೆ ನಿಂತವನು. ಅದನ್ನು ಊರಿಂದೂರಿಗೆ ಹರಡುವವನು ನಟ.

ಹರಡಲು ಕಾಲ ಒದಗಲಿಲ್ಲ. 1916ರ ನವೆಂಬರ್‌ನಲ್ಲೇ ಮಿಶಿಗನ್ ರಾಜ್ಯ ಪಾನನಿಷೇಧದ ಪರ ಮತ ಹಾಕಿತು. 1918ರ ಮೇ ತಿಂಗಳಿಂದ ರಾಜ್ಯದಲ್ಲಿ ಬಾರುಗಳು ಮುಚ್ಚಿದವು. 1920ರ ಜನವರಿಯಲ್ಲಿ ಇಡೀ ದೇಶ ಪಾನನಿಷೇಧಕ್ಕೆ ಒಳಪಟ್ಟಿತು. ಕೆನಡಾದಿಂದ ಡೆಟ್ರಾಯಿಟ್ ನದಿ ದಾಟಿ ಬರುವ ಕಳ್ಳಸಾಗಣೆಯ ದೊಡ್ಡ ಹೆದ್ದಾರಿಯಾಗಿ ಈ ನಗರ ಕುಖ್ಯಾತವಾಯಿತು. ಕಳ್ಳ ಜಿನ್‌ನ ಕೆಟ್ಟ ರುಚಿ ಮರೆಸಲು ಹುಟ್ಟಿದ್ದೇ ಲಾಸ್ಟ್ ವರ್ಡ್ ಎಂದು ಹಲವರು ಬರೆದದ್ದುಂಟು, ಆದರೆ 1916ರ ಪಟ್ಟಿ ಆ ಮಾತನ್ನು ಒಪ್ಪುವುದಿಲ್ಲ. ಒಳ್ಳೆಯ ಜಿನ್ ಧಾರಾಳವಾಗಿ ಸಿಗುತ್ತಿದ್ದ ದಿನಗಳಲ್ಲಿ ಹುಟ್ಟಿದ ಪಾನೀಯ ಇದು. 1933ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಅನುಭವಿ ಬಾರ್‌ಟೆಂಡರುಗಳು ಬೇರೆ ಕೆಲಸ ಹಿಡಿದಿದ್ದರು, ಕೆಲವರು ದೇಶ ಬಿಟ್ಟಿದ್ದರು. ಕೈಯಿಂದ ಕೈಗೆ ಸಾಗುವ ಕಲೆಯ ಕೊಂಡಿ ಕಳಚಿತ್ತು. 1951ರಲ್ಲಿ ನ್ಯೂಯಾರ್ಕಿನ ವಾಲ್‌ಡಾರ್ಫ್ ಆಸ್ಟೋರಿಯಾ ಹೋಟೆಲಿನ ಪ್ರಚಾರಕ ಟೆಡ್ ಸೋಸಿಯೆ ‘ಬಾಟಮ್ಸ್ ಅಪ್’ ಎಂಬ ಪುಸ್ತಕ ತಂದ. ಡೆಟ್ರಾಯಿಟ್ ಕ್ಲಬ್ಬಿನ ಕೃಪೆಯಿಂದ ಎಂದು ನಮೂದಿಸಿ, ಫೋಗರ್ಟಿಯ ಹೆಸರಿನೊಡನೆ ಲಾಸ್ಟ್ ವರ್ಡ್ ಅನ್ನು ಅದರಲ್ಲಿ ಸೇರಿಸಿದ. ಎಲ್ಲರೂ ಓದಬಹುದಾದ ಪುಸ್ತಕದಲ್ಲಿ ಅಳತೆ ಸಮೇತ ಅಚ್ಚಾಗಿದ್ದರೂ ಅದನ್ನು ಮಾಡಿ ನೋಡಿದವರು ಕಾಣೆ. ವೋಡ್ಕಾ, ಸಿಹಿ ಸೋಡಾ, ಡಬ್ಬಿಯ ರಸಗಳ ಕಾಲ ಬಂದಿತ್ತು.

ಇತ್ತ ಬಚ್ಚಿಟ್ಟ ಪಾಕದ ಕಡೆ ಕಾಲಚಕ್ರ ತಿರುಗಿತ್ತು. ಹಸ್ತಪ್ರತಿಯಿಲ್ಲದೆ ಮದ್ಯ ಮಾಡಹೊರಟ ಫ್ರೆಂಚ್ ಕಂಪನಿಯ ಸರಕನ್ನು ಬಲ್ಲವರು ಮುಟ್ಟಲಿಲ್ಲ. 1929ರಲ್ಲಿ ಅದು ದಿವಾಳಿಯೆದ್ದಿತು. ನೆಲಕಚ್ಚಿದ ಬೆಲೆಯ ಷೇರುಗಳನ್ನು ವ್ವಾರೋಂ ಪಟ್ಟಣದ ವ್ಯಾಪಾರಿಗಳು ಕೊಂಡು ಸನ್ಯಾಸಿಗಳಿಗೆ ಉಡುಗೊರೆಯಾಗಿ ಕಳಿಸಿದರು. ಇಪ್ಪತ್ತಾರು ವರ್ಷಗಳ ಮೇಲೆ ಹೆಸರು ಹಕ್ಕುದಾರರ ಮನೆಗೆ ಬಂತು. ಭಟ್ಟಿ ಮತ್ತೆ ಫೂರ್ವ್ವಾರಿಯಲ್ಲಿ ಉರಿಯಿತು. 1935ರ ನವೆಂಬರ್‌ನಲ್ಲಿ ಬೆಟ್ಟವೇ ಜರಿದು ಆ ಭಟ್ಟಿಶಾಲೆಯ ಮೇಲೆ ಬಿತ್ತು. ವ್ವಾರೋಂನಲ್ಲಿದ್ದ ಉಗ್ರಾಣಕ್ಕೆ ಕೆಲಸ ಸಾಗಿತು. 1940ರಲ್ಲಿ, ಜರ್ಮನ್ ಸೇನೆ ಫ್ರಾನ್ಸನ್ನು ತುಳಿಯುತ್ತಿದ್ದ ಗಲಿಬಿಲಿಯ ನಡುವೆ, ಸನ್ಯಾಸಿಗಳು ಮೂಲಮಠದ ಬಾಗಿಲನ್ನು ಮತ್ತೆ ತೆರೆದರು. ತಾರಗೋನಾದ ಭಟ್ಟಿ 1989ರವರೆಗೂ ನಡೆಯಿತು. ಅಲ್ಲಿನ ಜನ ಪ್ರತಿ ಸೆಪ್ಟೆಂಬರ್‌ನ ಸಾಂತಾ ತೆಕ್ಲಾ ಹಬ್ಬದಲ್ಲಿ ಹಸಿರು, ಹಳದಿ ಶಾರ್ತ್ರೂಸ್‌ಗಳನ್ನು ನಿಂಬೆಯ ಮಂಜಿನೊಡನೆ ಬೆರೆಸಿ ಬೀದಿಯಲ್ಲಿ ಕುಡಿಯುತ್ತಾರೆ. ಆಶ್ರಯ ಕೊಟ್ಟ ಊರಿನ ಹಬ್ಬಕ್ಕೇ ಅತಿಥಿಗಳ ಮದ್ಯ ಸೇರಿಹೋಯಿತು.

ಲಾಸ್ಟ್ ವರ್ಡ್‌ನ ಇನ್ನೊಂದು ಅಂಗ ಮರಾಸ್ಕಿನೋ. ಅದಕ್ಕೂ ಊರು ಬಿಟ್ಟ ಕಥೆಯಿದೆ. ಏಡ್ರಿಯಾಟಿಕ್ ಕಡಲ ದಂಡೆಯ ಝಾರಾ ಅದರ ತವರು, ಇಂದಿನ ಕ್ರೊಯೇಷಿಯಾದ ಝಾದರ್. ಲುಕ್ಸಾರ್ದೊ ಮನೆತನ 1821ರಿಂದ ಅಲ್ಲಿ ಮರಾಸ್ಕಾ ಎಂಬ ಹುಳಿ ಚೆರಿಯಿಂದ ಅದನ್ನು ಇಳಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬಾಂಬು ದಾಳಿಗೆ ಊರು ಮಣ್ಣುಗೂಡಿತು, ಭಟ್ಟಿ ನಾಶವಾಯಿತು, ಮನೆತನದವರು ಹಲವರು ಸತ್ತರು. ಬದುಕುಳಿದ ಜೋರ್ಜೊ ಲುಕ್ಸಾರ್ದೊ 1947ರಲ್ಲಿ ಇಟಲಿಯ ಪಾದೊವಾ ಬಳಿಯ ತೊರೆಲ್ಯಾದಲ್ಲಿ ಮತ್ತೆ ಮೊದಲಿಂದ ಶುರುಮಾಡಿದ.

ಬಿಚ್ಚಿಟ್ಟ ಪಾಕಕ್ಕೆ ಮರುಹುಟ್ಟು ಕೊಟ್ಟವನು ಸಿಯಾಟಲ್ ನಗರದ ಮರೆ ಸ್ಟೆನ್ಸನ್. ಪೈಕ್ ಪ್ಲೇಸ್ ಮಾರುಕಟ್ಟೆಯ ಮಗ್ಗುಲಿನ ಮೆಟ್ಟಿಲಸಾಲಿನಲ್ಲಿರುವ ಝಿಗ್ ಝ್ಯಾಗ್ ಕೆಫೆಯಲ್ಲಿ ಬಾರ್‌ಟೆಂಡರ್. ಸದ್ದುಗದ್ದಲವಿಲ್ಲದೆ ಗಿರಾಕಿಯ ಮನಸ್ಸು ಓದಿ ಗ್ಲಾಸು ತುಂಬುವವನೆಂದು ಹೆಸರಾಗಿದ್ದ. ಹಳೆಯ ಪುಸ್ತಕಗಳನ್ನು ಕೆದಕಿ ಮರೆತುಹೋದ ಪಾನೀಯಗಳನ್ನು ಎತ್ತಿ ತರುವುದು ಅವನ ಹವ್ಯಾಸ. 2000ರ ದಶಕದ ಆರಂಭದಲ್ಲಿ ಸೋಸಿಯೆಯ ಪುಸ್ತಕದಲ್ಲಿ ಇದನ್ನು ಕಂಡು ಮಾಡಿ ನೋಡಿದ, ತನ್ನ ಪಟ್ಟಿಗೆ ಸೇರಿಸಿದ. ಅಲ್ಲಿಂದ ಅದು ಪೋರ್ಟ್‌ಲೆಂಡಿಗೆ, ನ್ಯೂಯಾರ್ಕಿಗೆ, ಲಂಡನ್ನಿಗೆ ಬಾಯಿಂದ ಬಾಯಿಗೆ ಸಾಗಿತು. ನ್ಯೂಯಾರ್ಕಿನ ಫಿಲ್ ವಾರ್ಡ್ ಜಿನ್ನಿನ ಬದಲು ರೈ ವಿಸ್ಕಿ, ಲೈಮ್ ಬದಲು ಲೆಮನ್ ಹಾಕಿ ‘ಫೈನಲ್ ವಾರ್ಡ್’ ಮಾಡಿದ. ನಾಲ್ಕು ಸಮಭಾಗಗಳ ಆ ಚೌಕಟ್ಟನ್ನು ಇಟ್ಟುಕೊಂಡು ಹುಟ್ಟಿದ ಮರಿಮಕ್ಕಳು ಇನ್ನೆಷ್ಟೋ.

ರುಚಿ ಹೇಳದೆ ಈ ಚರಿತ್ರೆ ಪೂರ್ಣವಾಗದು. ಪ್ರತಿಯೊಂದೂ 22 ಮಿಲಿಲೀಟರ್, ಗಟ್ಟಿ ಮಂಜುಗಡ್ಡೆಯಲ್ಲಿ ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿ, ತಣ್ಣಗಿಟ್ಟ ಕಾಲುಳ್ಳ ಗ್ಲಾಸಿಗೆ ಸೋಸಬೇಕು. ಎಳೆಹಸಿರು ಮಬ್ಬು ಬಣ್ಣ. ಮೊದಲು ನಾಲಗೆಗೆ ಸಿಗುವುದು ನಿಂಬೆಯ ಹುಳಿ, ಅದರ ಬೆನ್ನಿಗೇ ಚೆರಿಯ ಬೀಜದ ಒಗರು ಬೆರೆತ ಸಿಹಿ. ನುಂಗಿದ ಮೇಲೆ ಶಾರ್ತ್ರೂಸ್ ಏಳುತ್ತದೆ: ಪುದೀನದ ತಂಪು, ಸೋಂಪಿನ ನೆನಪು, ಮೆಣಸಿನ ಬಿಸಿ, ಹುಲ್ಲು, ಜೇನು, ಹೆಸರು ಹೇಳಲಾಗದ ಇನ್ನೇನೋ ಕಹಿ, ಒಂದಾದ ಮೇಲೊಂದು ಬಹಳ ಹೊತ್ತು. ಇಷ್ಟು ಪ್ರಬಲವಾದ ನಾಲ್ಕು ರುಚಿಗಳು ಒಂದನ್ನೊಂದು ತುಳಿಯದೆ ನಿಲ್ಲುವುದನ್ನು ನಾನು ಬೇರೆ ಕಾಕ್‌ಟೇಲಿನಲ್ಲಿ ಕಂಡಿಲ್ಲ. ನಮ್ಮಲ್ಲಿ ಮಾಡುವವರು ಒಂದನ್ನು ಗಮನಿಸಬೇಕು. ಅಮೆರಿಕದ ಬಾರುಗಳಲ್ಲಿ ಬಳಸುವುದು ಬೀಜವಿಲ್ಲದ ದೊಡ್ಡ ಲೈಮ್. ವಿಜಯಪುರದ ಇಂಡಿ ಕಡೆಯಿಂದ ಬರುವ ನಮ್ಮ ಸಣ್ಣ ನಿಂಬೆ ಅದಕ್ಕಿಂತ ಹುಳಿ, ಅದಕ್ಕಿಂತ ಘಾಟು. ಸಮಪಾಲು ಹಾಕಿದರೆ ಹುಳಿಯೇ ಗೆಲ್ಲುತ್ತದೆ. ಕೊಂಚ ಕೈ ತಡೆದು ಹಾಕಿದರೆ ಗಿಡಮೂಲಿಕೆಗಳಿಗೆ ಮಾತಾಡಲು ಜಾಗ ಸಿಗುತ್ತದೆ. ಮಂಜು ಕರಗುವ ಮುನ್ನ ಮದ್ಯಾಂಶ ಶೇಕಡ 30ನ್ನು ಮೀರಿರುತ್ತದೆ ಎಂಬುದನ್ನೂ ಮರೆಯಬಾರದು. ಒಂದು ಗ್ಲಾಸಿಗೆ ನಿಲ್ಲಿಸಬೇಕಾದ ಪಾನೀಯ ಇದು.

ಜಗತ್ತಿನ ಬಾರುಗಳು ಹೀಗೆ ಶಾರ್ತ್ರೂಸ್ ಸುರಿಯತೊಡಗಿದಾಗ ಬೆಟ್ಟದ ಮೇಲೆ ಎಂದಿನ ಬದುಕು ನಡೆದಿತ್ತು. ಜರ್ಮನಿಯ ನಿರ್ದೇಶಕ ಫಿಲಿಪ್ ಗ್ರೋನಿಂಗ್ 1984ರಲ್ಲಿ ಮಠದ ಒಳಗೆ ಚಿತ್ರೀಕರಿಸಲು ಅನುಮತಿ ಕೇಳಿದ್ದ. ಒಪ್ಪಿಗೆ ಬಂದದ್ದು ಹದಿನಾರು ವರ್ಷಗಳ ಮೇಲೆ. 2005ರಲ್ಲಿ ಬಂದ ಅವನ ‘ಇನ್‌ಟು ಗ್ರೇಟ್ ಸೈಲೆನ್ಸ್’ ಎರಡೂವರೆ ಗಂಟೆಗೂ ಉದ್ದದ, ಹೆಚ್ಚುಕಡಿಮೆ ಮಾತಿಲ್ಲದ ಚಿತ್ರ. ಪಟ್ಟಣದ ನಡುವೆ ಅಷ್ಟು ಮದ್ಯಸಾರ ಇಡಬಾರದೆಂಬ ಸುರಕ್ಷತಾ ನಿಯಮಗಳಿಂದಾಗಿ ಭಟ್ಟಿ 2018ರಲ್ಲಿ ವ್ವಾರೋಂ ಬಿಟ್ಟು ಬೆಟ್ಟದ ಬುಡದ ಏಗ್‌ನ್ವಾರ್‌ಗೆ ಹೋಯಿತು. ಒಣಗಿಸಿದ ಗಿಡಮೂಲಿಕೆಗಳನ್ನು ತೂಗಿ ಬೆರೆಸುವ ಕೆಲಸ ಮಾತ್ರ ಇಂದಿಗೂ ಮಠದ ಒಳಗೇ, ಸನ್ಯಾಸಿಗಳ ಕೈಯಲ್ಲೇ. ಬೆರೆಸಿದ್ದು ಚೀಲಗಳಲ್ಲಿ ಭಟ್ಟಿಗೆ ಇಳಿದು ಬರುತ್ತದೆ. ಸಂಬಳದ ಕೆಲಸಗಾರರಿಗೆ ಚೀಲ ಕಾಣುತ್ತದೆ, ಒಳಗಿರುವುದು ಏನೆಂದು ತಿಳಿಯುವುದಿಲ್ಲ.

ಬೇಡಿಕೆ ಏರುತ್ತಲೇ ಹೋಯಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಜನ ಮನೆಯಲ್ಲೇ ಕಾಕ್‌ಟೇಲ್ ಮಾಡಲು ಕಲಿತದ್ದು ಅದನ್ನು ಇನ್ನಷ್ಟು ಏರಿಸಿತು. ಬೇರೆ ಯಾವ ಕಂಪನಿಯಾದರೂ ಹೊಸ ಹಂಡೆಗಳನ್ನು ಹೂಡುತ್ತಿತ್ತು. 2023ರ ಆರಂಭದಲ್ಲಿ ಹೊರಬಿದ್ದ ಪತ್ರದಲ್ಲಿ ಸನ್ಯಾಸಿಗಳ ನಿರ್ಧಾರ ಜಗತ್ತಿಗೆ ತಿಳಿಯಿತು: ಉತ್ಪಾದನೆ ಹೆಚ್ಚಿಸುವುದಿಲ್ಲ. ಕಾರಣ ಎರಡು. ಬೆಳೆಸುತ್ತ ಹೋದರೆ ಪರಿಸರಕ್ಕೆ ಹೊರೆ, ಮತ್ತು ತಾವು ಬಂದಿರುವುದು ಏಕಾಂತಕ್ಕೆ, ಪ್ರಾರ್ಥನೆಗೆ. ಸಂಸತ್ತು 1903ರಲ್ಲಿ ವ್ಯಾಪಾರಿಗಳೆಂದು ಹೊರಗಟ್ಟಿದ ಪಂಥ ನೂರಿಪ್ಪತ್ತು ವರ್ಷಗಳ ಮೇಲೆ ಕೈಗೆ ಬಂದ ವ್ಯಾಪಾರವನ್ನು ಬೇಡವೆಂದದ್ದು ನನ್ನ ಮಟ್ಟಿಗೆ ಆ ಆರೋಪಕ್ಕೆ ಸಂದ ಸರಿಯಾದ ಉತ್ತರ.

ಸ್ಟೆನ್ಸನ್ ಅದೇ 2023ರಲ್ಲಿ ಸಿಯಾಟಲ್‌ನಲ್ಲಿ ತೀರಿಕೊಂಡ. ಆ ವರ್ಷ ಅಮೆರಿಕದ ಅಂಗಡಿಗಳ ಕಪಾಟುಗಳಲ್ಲಿ ಹಸಿರು ಶಾರ್ತ್ರೂಸ್ ಬಲು ವಿರಳವಾಗಿತ್ತು. ಕೆಲವು ಅಂಗಡಿಗಳು ಒಬ್ಬರಿಗೆ ಒಂದೇ ಬಾಟಲಿ ಎಂದು ಕಟ್ಟುಪಾಡು ಮಾಡಿದವು. ಕೆಲವು ಬಾರುಗಳು ಆಲ್ಪ್ಸ್‌ನ, ಇಟಲಿಯ ಬೇರೆ ಮೂಲಿಕೆ ಲಿಕ್ಯೂರ್‌ಗಳನ್ನು ಹಾಕಿ ಲಾಸ್ಟ್ ವರ್ಡ್ ಮಾಡಲು ಹೊರಟವು. ಇನ್ನು ಕೆಲವು ಸಿಕ್ಕಷ್ಟನ್ನು ಜೋಪಾನ ಮಾಡಿ, ಕೇಳಿದವರಿಗೆ ಮಾತ್ರ ಲೆಕ್ಕಹಾಕಿ ಸುರಿಯತೊಡಗಿದವು: 700 ಮಿಲಿಲೀಟರ್‌ನ ಬಾಟಲಿಗೆ ಮೂವತ್ತೊಂದು ಗ್ಲಾಸು.